ಶ್ರವಣ ಶಕ್ತಿ: ಸಾಮಾನ್ಯ

ಎಂ.ಎಸ್ಸಿ. ಮನಶ್ಶಾಸ್ತ್ರದ ಕೊನೆಯ ವರ್ಷ ನಮ್ಮನ್ನು ಶಾಲೆಗಳಿಗೆ ಕಳಿಸುತ್ತಿದ್ದರು. ಶಾಲಾ ಮನಶ್ಶಾಸ್ತ್ರಜ್ಞರಾಗಲು ತರಬೇತಿ ಪಡೆಯುವವರು ಐದು ತಿಂಗಳು ಒಂದೇ ಶಾಲೆಯಲ್ಲಿದ್ದು, ಓದಿನಲ್ಲಿ ಹಿಂದೆ ಬಿದ್ದ ಹತ್ತು ಮಕ್ಕಳನ್ನು ಪರೀಕ್ಷಿಸಿ, ಹತ್ತು ವರದಿ ಬರೆಯಬೇಕಿತ್ತು. ನನ್ನ ಜೊತೆಯವರಲ್ಲಿ ಹೆಚ್ಚಿನವರು ದೊಡ್ಡ ಊರಿನ ಖಾಸಗಿ ಶಾಲೆಗಳನ್ನು ಕೇಳಿ ಪಡೆದರು. ನಾನು ಮನೆಗೆ ಹತ್ತಿರವಾಗಲಿ ಎಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯನ್ನು ಬರೆದುಕೊಟ್ಟೆ. ಕೊಟ್ಟೂರಿನಲ್ಲಿ ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿದರೆ, ನಡುವೆ ಇಳಿದು ಆಟೋ ಹಿಡಿದು, ಪ್ರಾರ್ಥನೆಯ ಹೊತ್ತಿಗೆ ಅಲ್ಲಿಗೆ ಮುಟ್ಟಬಹುದಿತ್ತು.

ಅಬ್ಬಾನಿಗೆ ಕೊಟ್ಟೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತುತ್ತಾ ಕೂತಿರುವಾಗ ಬಂದವರೆಲ್ಲ ಮಗಳು ಏನು ಓದುತ್ತಿದ್ದಾಳೆ ಎಂದು ಕೇಳುತ್ತಿದ್ದರು. ಮನಶ್ಶಾಸ್ತ್ರ ಎಂದರೆ ಹುಚ್ಚರ ಆಸ್ಪತ್ರೆಯೇ ಎಂಬುದು ಮುಂದಿನ ಪ್ರಶ್ನೆ. ಅಬ್ಬಾ ಒಂದು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದ. ಹುಡುಗರು ಯಾಕೆ ಓದುವುದಿಲ್ಲ ಎಂದು ನೋಡುವ ಡಾಕ್ಟರು ಎಂದು ಹೇಳಿ, ಕೈಯಲ್ಲಿದ್ದ ಕೆಲಸಕ್ಕೆ ತಲೆ ತಗ್ಗಿಸುತ್ತಿದ್ದ. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಆತ ಅದನ್ನು ಬಿಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದು ಕೇಳಲು ಹಿತವಾಗಿತ್ತು.

ಕೊರೊನಾ ಇಳಿದು ಶಾಲೆಗಳು ಮತ್ತೆ ತೆರೆದ ಕಾಲ ಅದು. ಮಕ್ಕಳು ಒಂದೂವರೆ ವರ್ಷ ಪುಸ್ತಕ ಮುಟ್ಟಿರಲಿಲ್ಲ. ಮಾಸ್ಕಿಲ್ಲದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನನಗೆ ಕೂರಲು ಕೊಟ್ಟಿದ್ದು ಬಿಸಿಯೂಟದ ದಾಸ್ತಾನು ಕೋಣೆ. ಅಕ್ಕಿ, ಬೇಳೆಯ ಚೀಲಗಳ ನಡುವೆ ಒಂದು ಬೆಂಚು, ಒಂದು ಕುರ್ಚಿ. ಗೋಡೆಯ ಆಚೆಗೇ ಅಡುಗೆಮನೆ. ಹನ್ನೊಂದು ಗಂಟೆಯಿಂದ ದೊಡ್ಡ ಕುಕ್ಕರುಗಳು ಕೂಗಲು ಶುರುಮಾಡಿದರೆ ಒಂದರವರೆಗೆ ನಿಲ್ಲುತ್ತಿರಲಿಲ್ಲ. ಗೋಡೆ ಮಾಡಿನವರೆಗೆ ಹೋಗಿರಲಿಲ್ಲ. ಆಚೆ ಒಗ್ಗರಣೆ ಹಾಕಿದರೆ ಈಚೆ ನನ್ನ ಕಣ್ಣಲ್ಲಿ ನೀರು.

ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಮೊದಲ ದಿನವೇ ಚಹಾ ತರಿಸಿ, ಒಂಬತ್ತನೆಯ ತರಗತಿಯ ಹನ್ನೆರಡು ಮಕ್ಕಳ ಪಟ್ಟಿ ಕೊಟ್ಟರು. ಹತ್ತನೆಯ ತರಗತಿಗೆ ಬರುವ ಮೊದಲೇ ಯಾರ ಕೈಯಲ್ಲಿ ಆಗುತ್ತದೆ, ಯಾರ ಕೈಯಲ್ಲಿ ಆಗುವುದಿಲ್ಲ ಎಂದು ಗೊತ್ತಾದರೆ ನಮಗೂ ಒಳ್ಳೆಯದು, ಆ ಮಕ್ಕಳಿಗೂ ಒಳ್ಳೆಯದು ಎಂದರು. ಪಟ್ಟಿಯ ನಾಲ್ಕನೆಯ ಹೆಸರಿನ ಮುಂದೆ ಅವರೇ ಪೆನ್ಸಿಲಿನಿಂದ ಒಂದು ಗೀಟು ಎಳೆದಿದ್ದರು. ಆ ಹುಡುಗಿ ಅಡುಗೆಯವಳ ಮಗಳು. ಎಂಟನೆಯ ತರಗತಿಗೆ ಬಂದಾಗಿನಿಂದ ಹೀಗೇ ಕೂತಿದ್ದಾಳೆ, ಗೋಡೆಗೆ ಪಾಠ ಹೇಳಿದ ಹಾಗೆ ಎಂದು ಕನ್ನಡದ ಮೇಷ್ಟ್ರು ಪಕ್ಕದಿಂದ ಸೇರಿಸಿದರು.

ಹುಡುಗಿ ತೆಳ್ಳಗೆ ಎತ್ತರಕ್ಕಿದ್ದಳು. ಎರಡು ಜಡೆಯನ್ನು ಕಿವಿಯ ಮೇಲೆ ಬರುವಂತೆ ಮಡಿಚಿ ಕಟ್ಟುತ್ತಿದ್ದಳು. ಬಂದು ಕೂತವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಸ್ವಲ್ಪ ಕಸಿವಿಸಿ ತಂದಿತು. 'ದಿಟ್ಟಿಸಿ ನೋಡುತ್ತಾಳೆ, ಅರ್ಥವಾಗದ ಖಾಲಿ ನೋಟ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ.

ಪರೀಕ್ಷೆಯ ಪೆಟ್ಟಿಗೆಯನ್ನು ವಿಭಾಗದಿಂದ ಎರವಲು ತಂದಿದ್ದೆ. ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು, ಒಂದು ಸ್ಟಾಪ್‌ವಾಚ್, ಕನ್ನಡದಲ್ಲಿ ಅಚ್ಚಾದ ಪ್ರಶ್ನೆಗಳ ಪುಸ್ತಿಕೆ. ಪುಸ್ತಿಕೆಯಲ್ಲಿ ಇದ್ದುದನ್ನು ಇದ್ದ ಹಾಗೆಯೇ ಓದಬೇಕು, ಒಂದು ಪದವನ್ನೂ ಬದಲಿಸಬಾರದು, ಎರಡಕ್ಕಿಂತ ಹೆಚ್ಚು ಸಲ ಹೇಳಬಾರದು ಎಂಬುದು ನಿಯಮ. ಮರದ ತುಂಡುಗಳನ್ನು ಚಿತ್ರದಲ್ಲಿರುವಂತೆ ಜೋಡಿಸುವ ಕೆಲಸವನ್ನು ಆಕೆ ಬೇಗ ಬೇಗ ಮುಗಿಸಿದಳು. ಕೊನೆಯ ಕಷ್ಟದ ವಿನ್ಯಾಸವನ್ನೂ ಬಿಡಲಿಲ್ಲ. ನಂತರ ಮಾತಿನ ಪ್ರಶ್ನೆಗಳು ಬಂದವು.

"ಕೊಡೆ ಮತ್ತು ಚಪ್ಪಲಿ, ಇವೆರಡೂ ಯಾವ ವಿಧದಲ್ಲಿ ಒಂದೇ ತೆರನಾದವು?"

ಆಕೆ ನನ್ನ ಮಾಸ್ಕನ್ನು ನೋಡಿದಳು. "ಏನ್ರಿ?" ಅಂದಳು.

ಮತ್ತೆ ಓದಿದೆ. ಆಚೆ ಕುಕ್ಕರು ಕೂಗಿತು. ಆಕೆ ಸ್ವಲ್ಪ ಮುಂದಕ್ಕೆ ಬಾಗಿದಳು. ನಾನು ಸ್ಟಾಪ್‌ವಾಚ್ ನೋಡುತ್ತಿದ್ದೆ. ಸಮಯ ಮುಗಿದ ಮೇಲೆ ಸೊನ್ನೆ ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಮೂರು ದಿನ ಹೀಗೇ ನಡೆಯಿತು. ಎರಡನೆಯ ದಿನದಿಂದ ಆಕೆ "ಏನ್ರಿ" ಎನ್ನುವುದನ್ನೂ ನಿಲ್ಲಿಸಿ ತಲೆ ತಗ್ಗಿಸಿ ಕೂತುಬಿಟ್ಟಳು. ಮೂರನೆಯ ದಿನ ಹೋಗುವಾಗ ಬೆಂಚಿನ ಮೇಲೆ ಹರಡಿದ್ದ ಮರದ ತುಂಡುಗಳನ್ನು ತಾನಾಗಿಯೇ ಬಣ್ಣ ಬಣ್ಣ ಬೇರೆ ಮಾಡಿ ಪೆಟ್ಟಿಗೆಗೆ ತುಂಬಿ ಹೋದಳು. ಅದನ್ನೂ ಬರೆದುಕೊಂಡೆ.

ಅಂಕಗಳನ್ನು ಕೂಡಿಸಿದಾಗ ಮರದ ತುಂಡಿನ ಭಾಗ ಮೇಲೆ, ಮಾತಿನ ಭಾಗ ಪಾತಾಳದಲ್ಲಿ. ನಮ್ಮ ಗೈಡ್ ಮೇಡಂ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದಂತೆ ಎಲ್ಲ ಫೋನಿನಲ್ಲಿ. ಇಷ್ಟು ಅಂತರ ಯಾಕೆ ಬಂತು ಎಂದು ಅವರು ಕೇಳಿದರು. ಮನೆಯಲ್ಲಿ ಕೈಕೆಲಸದ ರೂಢಿ ಇರಬೇಕು, ಭಾಷೆಯ ಬೆಳವಣಿಗೆ ಕುಂಠಿತವಾಗಿದೆ ಎಂದು ನಾನು ವಿವರಿಸಿದೆ. ಆಗ ಅವರು ಇನ್ನೊಂದು ಮಾತು ಕೇಳಿದರು. ಕಣ್ಣು, ಕಿವಿ ಪರೀಕ್ಷೆ ಆಗಿದೆಯಲ್ಲ?

ಆಗಿದೆ ಮೇಡಂ ಅಂದೆ.

ಆಗಿರಲಿಲ್ಲ. ವರದಿಯ ಮೊದಲ ಪುಟದಲ್ಲಿ ದೃಷ್ಟಿ, ಶ್ರವಣ ಶಕ್ತಿ ಎಂದು ಎರಡು ಖಾಲಿ ಸಾಲುಗಳಿದ್ದವು. ತಾಲ್ಲೂಕು ಆಸ್ಪತ್ರೆಗೆ ಕಿವಿಯ ಡಾಕ್ಟರು ಬರುವುದು ವಾರಕ್ಕೊಂದು ದಿನ. ಮಗುವಿನ ಜೊತೆ ತಾಯಿಯೂ ಬರಬೇಕು. ತಾಯಿ ಬಂದರೆ ಅಡುಗೆ ನಿಲ್ಲುತ್ತದೆ. ವರದಿ ಕೊಡಲು ನಾಲ್ಕು ದಿನ ಉಳಿದಿತ್ತು. ನನ್ನ ಜೊತೆಯವರೂ ಆ ಸಾಲುಗಳನ್ನು ಹಾಗೇ ತುಂಬುತ್ತಿದ್ದರು ಎಂಬುದು ನಿಜ, ಆದರೆ ಅವರ ವಿಷಯ ಅವರಿಗೆ. ನಾನು ನೀಲಿ ಪೆನ್ನಿನಿಂದ ಎರಡೂ ಕಡೆ 'ಸಾಮಾನ್ಯ' ಎಂದು ಬರೆದೆ. ಕೊನೆಯ ಪುಟದಲ್ಲಿ 'ಅಲ್ಪ ಪ್ರಮಾಣದ ಬುದ್ಧಿಮಾಂದ್ಯ' ಎಂದು ಬರೆದು ಸಹಿ ಮಾಡಿದೆ.

ಫಲಿತಾಂಶವನ್ನು ಪೋಷಕರಿಗೆ ತಿಳಿಸುವುದೂ ತರಬೇತಿಯ ಭಾಗ. ಹುಡುಗಿಯ ತಂದೆ ಭತ್ತ ಕೊಯ್ಯುವ ಮಷೀನಿನ ಜೊತೆ ಬೇರೆ ಜಿಲ್ಲೆಗೆ ಹೋಗಿದ್ದ. ತಾಯಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತಳು. ಕೂರಿ ಎಂದರೂ ಕೂರಲಿಲ್ಲ. ತರಗತಿಯಲ್ಲಿ ಕಲಿಸಿದ್ದ ಹಾಗೆ ಮೊದಲು ಮಗುವಿನ ಒಳ್ಳೆಯ ಗುಣಗಳನ್ನು ಹೇಳಿದೆ. ಕೈಚಳಕ ಚೆನ್ನಾಗಿದೆ, ಅಚ್ಚುಕಟ್ಟು ಇದೆ. ಆಮೇಲೆ, ವಯಸ್ಸಿಗೆ ತಕ್ಕಷ್ಟು ಬುದ್ಧಿ ಬೆಳೆದಿಲ್ಲ, ಹತ್ತನೆಯ ತರಗತಿ ಅವಳಿಗೆ ಭಾರವಾಗಬಹುದು, ಹೊಲಿಗೆಯಂಥ ಕೆಲಸ ಕಲಿಸಿದರೆ ಒಳ್ಳೆಯದು ಎಂದೆ. ಆಕೆ ಪೂರ್ತಿ ಕೇಳಿದಳು.

"ಹಂಗೇನ್ರಿ," ಅಂದಳು. ಅಡುಗೆಮನೆಯ ಕಡೆ ನೋಡಿ, "ಬ್ಯಾಳಿ ತಳ ಹಿಡಿತೈತ್ರಿ, ಬರ್ತೀನಿ," ಎಂದು ಹೋದಳು.

ಇಷ್ಟು ಶಾಂತವಾಗಿ ಒಪ್ಪಿಕೊಂಡಳಲ್ಲ ಎಂದು ನನಗೆ ಸಮಾಧಾನವಾಯಿತು. ಅತ್ತರೆ ಏನು ಮಾಡಬೇಕು ಎಂದು ಹಿಂದಿನ ದಿನವೆಲ್ಲ ಟಿಪ್ಪಣಿ ಓದಿಕೊಂಡು ಹೋಗಿದ್ದೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪ್ರೊಫೆಸರರು ಹತ್ತು ವರದಿಗಳಲ್ಲಿ ಅದನ್ನೇ ಎತ್ತಿಕೊಂಡು ಕೇಳಿದರು. ಮಾತಿನ ಭಾಗಕ್ಕೂ ಕೈಕೆಲಸದ ಭಾಗಕ್ಕೂ ಇರುವ ಅಂತರವನ್ನು ಚೆನ್ನಾಗಿ ವಿಶ್ಲೇಷಿಸಿದ್ದೀರಿ ಎಂದರು. ನನಗೆ ಎ ಗ್ರೇಡ್ ಬಂತು. ಅಂದು ಅಬ್ಬಾ ಅಂಗಡಿಗೆ ಬಂದವರಿಗೆಲ್ಲ ಮಿರ್ಚಿ, ಒಗ್ಗರಣಿ ಮಂಡಕ್ಕಿ ತರಿಸಿ ಕೊಟ್ಟ.

ಪರೀಕ್ಷೆಗಳೆಲ್ಲ ಮುಗಿದು ಬೇಸಿಗೆ ರಜೆ ಕಳೆದ ಮೇಲೆ ಹಾಜರಾತಿ ಪತ್ರಕ್ಕೆ ಶಾಲೆಯ ಸೀಲು ಬೇಕಾಗಿ ಮತ್ತೆ ಆ ಹಳ್ಳಿಗೆ ಹೋದೆ. ಮುಖ್ಯೋಪಾಧ್ಯಾಯರು ಮೀಟಿಂಗಿಗೆ ಹೋಗಿದ್ದರು, ಮಧ್ಯಾಹ್ನ ಬರುತ್ತಾರೆ ಎಂದರು. ಕಾಯುತ್ತಾ ಅಡುಗೆಮನೆಯ ಕಡೆ ಹೋದೆ. ಹುಡುಗಿಯ ತಾಯಿ ಅಡುಗೆ ಮುಗಿಸಿ ಮನೆಗೆ ಹೊರಟಿದ್ದಳು. ಉಂಡು ಬರ್ರಿ ಎಂದು ಕರೆದಳು. ಮಗಳು ಹೇಗಿದ್ದಾಳೆ ಎಂದು ದಾರಿಯಲ್ಲಿ ಕೇಳಿದೆ. ಸಾಲಿ ಬಿಟ್ಟಾಳ್ರಿ ಅಂದಳು. ಅಷ್ಟೇ.

ಮನೆ ಎರಡು ಕೋಣೆಯದು. ಹುಡುಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಷ್ಟರಲ್ಲಿ ಮಾಸ್ಕು ಹಾಕುವುದನ್ನು ಎಲ್ಲರೂ ಬಿಟ್ಟಿದ್ದರು. ನಾನು ಮೊದಲ ಸಲ ಬರೀ ಮುಖದಲ್ಲಿ ಆಕೆಯ ಎದುರು ಕೂತು, ನನ್ನ ನೆನಪಿದೆಯಾ ಎಂದು ಕೇಳಿದೆ. ಆಕೆ ತಕ್ಷಣ, "ನೆನಪೈತ್ರಿ, ಕಟಿಗಿ ತುಂಡು ಜೋಡಸಾಕ ಕೊಟ್ಟಿದ್ರಿ," ಅಂದಳು. ಬಿಸಿಲು ಜಾಸ್ತಿ ಅಲ್ಲವಾ ಎಂದೆ. ಈ ವರ್ಷ ಬಾಳ ಐತ್ರಿ ಎಂದಳು. ಏನು ಕೇಳಿದರೂ ಉತ್ತರ ಬರುತ್ತಿತ್ತು. ಒಂದಕ್ಕೂ ತಡವರಿಸಲಿಲ್ಲ. ನನಗೆ ಆಶ್ಚರ್ಯವಾಯಿತು, ಸ್ವಲ್ಪ ದಿಗಿಲೂ ಆಯಿತು.

ಉಂಡು ಎದ್ದು ಬಚ್ಚಲಿನ ಕಡೆ ತಿರುಗಿ ಕೈ ತೊಳೆಯುತ್ತಾ, ಸಾಲಿ ಯಾಕ ಬಿಟ್ಟಿ ಎಂದು ಕೇಳಿದೆ. ಉತ್ತರವಿಲ್ಲ. ಬೇಜಾರಾಗಿರಬೇಕು ಎಂದು ಸ್ವಲ್ಪ ಗಟ್ಟಿಯಾಗಿ, ಆದರೆ ಸಮಾಧಾನದ ದನಿಯಲ್ಲಿ ಮತ್ತೆ ಕೇಳಿದೆ. ತಿರುಗಿ ನೋಡಿದರೆ ಆಕೆ ರೊಟ್ಟಿ ಮಗುಚುತ್ತಿದ್ದಳು, ಯಾರೂ ಏನೂ ಕೇಳಿಯೇ ಇಲ್ಲ ಎಂಬಂತೆ. ತಾಯಿ ಹೋಗಿ ಭುಜ ಮುಟ್ಟಿದಳು. ಹುಡುಗಿ ತಲೆ ಎತ್ತಿ, ನನ್ನ ಬಾಯಿಯನ್ನು ನೋಡಿದಳು.

ನನ್ನ ಕೈಯಿಂದ ನೀರು ಸೋರುತ್ತಲೇ ಇತ್ತು.

"ಕಿವಿ ಕೇಳಸಂಗಿಲ್ಲೇನ್ರಿ ಆಕಿಗಿ?" ಎಂದು ತಾಯಿಯನ್ನು ಕೇಳಿದೆ.

"ಸಣ್ಣಾಕಿದ್ದಾಗ ಎರಡೂ ಕಿವಿ ಸೋರ್ತಿದ್ವು ರೀ. ಆವಾಗಿಂದ ಮಂದ. ಮಾರಿ ನೋಡಿ ಮಾತಾಡಿದ್ರ ಎಲ್ಲಾ ತಿಳಿತೈತಿ ಆಕಿಗಿ."

"ಮತ್ತ ನನಗ್ಯಾಕ ಹೇಳಲಿಲ್ಲಕ್ಕಾ?"

"ನೀವು ಕೇಳಲಿಲ್ಲಲ್ರಿ," ಅಂದಳು. ದೂರುವ ದನಿ ಇರಲಿಲ್ಲ ಅದರಲ್ಲಿ. ಕಿವುಡಿ ಎಂದು ಗೊತ್ತಾದರೆ ಶಾಲೆಯಿಂದ ತೆಗೆದು ಬೇರೆ ಊರಿಗೆ ಕಳಿಸುತ್ತಾರೆ ಎಂದು ಯಾರೋ ಹೆದರಿಸಿದ್ದರಂತೆ. ಹಾಗಾಗಿ ಯಾರಿಗೂ ಹೇಳಿರಲಿಲ್ಲ. ಜಡೆಯನ್ನು ಕಿವಿಯ ಮೇಲೆ ಕಟ್ಟುತ್ತಿದ್ದುದೂ ತಾಯಿಯೇ. ನಾಕು ಜನ ಕಿವಿ ನೋಡಿ ಕೇಳುವುದು ಬೇಡ ಎಂದು.

ಆಮೇಲೆ ಆಕೆ ಇನ್ನೊಂದು ಮಾತು ಹೇಳಿದಳು. ಹೇಳಲೋ ಬೇಡವೋ ಎಂದು ಸೆರಗಿನ ತುದಿ ಸುತ್ತುತ್ತಾ ಹೇಳಿದಳು.

"ಆ ಮೂರು ದಿನಾನೂ ನಾನು ಗ್ವಾಡಿ ಆಕಡಿ ನಿಂತು ಕೇಳ್ತಿದ್ದೆ ರೀ. ಕೊಡಿ, ಚಪ್ಲಿ ಹೆಂಗ ಒಂದ ಅಂತ ಕೇಳಿದ್ರಲ್ಲ. ಮನಿಗೆ ಬಂದು ನಾನು ಕೇಳಿದೆ. ಎರಡೂ ಬಿಸಿಲಿಗೆ ಬೇಕಾಗ್ತಾವ ಅಂದ್ಲು. ಎಲ್ಲಾ ಕೇಳಿದೆ ರೀ, ನೆನಪಿದ್ದಷ್ಟು. ಬಾಳ ಹೇಳಿದ್ಲು. ಪರೀಕ್ಷಿ ಮುಗದ ಹೋಗೇತಿ, ಇನ್ನ ಹೇಳಿ ಏನು ಮಾಡೋದು ಅಂತ ಸುಮ್ನಾದೆ."

ಬಾಗಿಲಲ್ಲಿ ನಿಂತು 'ಹಂಗೇನ್ರಿ' ಎಂದಾಗ ಆಕೆಗೆ ಇದೆಲ್ಲ ಗೊತ್ತಿತ್ತು. ಓದಿದವಳು ಹೇಳುತ್ತಿದ್ದಾಳೆ ಎಂದು ತನ್ನ ಕಿವಿಯಾರೆ ಕೇಳಿದ್ದನ್ನು ತಾನೇ ಬದಿಗಿಟ್ಟಿದ್ದಳು. ನಾನು ಹೇಳಿದ ಹೊಲಿಗೆಯ ಮಾತನ್ನೂ ನಂಬಿ, ರಜೆಯಲ್ಲಿ ಮಗಳನ್ನು ಹರಪನಹಳ್ಳಿ ಕಡೆಯ ತಂಗಿಯ ಮನೆಗೆ ಕಳಿಸುವ ಮಾತುಕತೆ ಮಾಡಿಕೊಂಡಿದ್ದಳು. ನನ್ನ ವರದಿ ತರಗತಿಗೂ ಹೇಗೋ ಹಬ್ಬಿತ್ತು. ಹುಡುಗಿಯರು ಆಕೆಯ ಮುಂದೆಯೇ ತಲೆಗೆ ಬೆರಳು ತೋರಿಸಿ ನಗುತ್ತಿದ್ದರಂತೆ. ಆ ಸನ್ನೆ ತಿಳಿಯಲು ಕಿವಿ ಬೇಕಾಗಿರಲಿಲ್ಲ.

ಸೀಲು ಹಾಕಿಸದೆಯೇ ಕೊಟ್ಟೂರಿಗೆ ಬಂದೆ. ಎರಡು ದಿನ ಯಾರಿಗೂ ಹೇಳಲಿಲ್ಲ. ತಿದ್ದದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮೂರನೆಯ ದಿನ ಅಂಗಡಿಯಲ್ಲಿ ಕೂತು ಅಬ್ಬಾನಿಗೆ ಎಲ್ಲ ಹೇಳಿದೆ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೂ ಆ ಮಾತುಗಳೆಲ್ಲ ನನಗೆ ಕನ್ನಡದಲ್ಲೇ ಬಂದವು. ಅಬ್ಬಾ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟ. ಬಯ್ಯಲಿ ಎಂದು ನಾನು ಕಾದೆ. ಮೊದಲು ನಿಮ್ಮ ಮೇಡಂಗೆ ಫೋನ್ ಮಾಡು, ನಾಳೆ ನಾನೇ ಗಾಡಿಯಲ್ಲಿ ಆ ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದ.

ಗೈಡ್ ಮೇಡಂಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ನಾನು ಕೇಳಿದ್ದೆ ನಿನ್ನನ್ನು," ಎಂದರು. "ಹೌದು ಮೇಡಂ." "ಅಂತರ ನೋಡಿ ನನಗೂ ಹೊಳೆಯಬೇಕಿತ್ತು. ಬರೀ ನಿನ್ನದೇ ಅಲ್ಲ." ಮೊದಲು ಕಿವಿ ಪರೀಕ್ಷೆ ಮಾಡಿಸು, ಆಮೇಲೆ ಬೇರೆ ಪರೀಕ್ಷೆ, ಹೊಸ ವರದಿಗೆ ನಾನೂ ಸಹಿ ಹಾಕುತ್ತೇನೆ ಎಂದರು. ಗ್ರೇಡಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದು ಈಗಲೂ ನನ್ನ ಅಂಕಪಟ್ಟಿಯಲ್ಲಿ ಹಾಗೇ ಇದೆ.

ಹುಡುಗಿ ಮತ್ತು ತಾಯಿಯನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬರೆದುಕೊಟ್ಟ ಮೇಲೆ ಹೊಸಪೇಟೆಗೆ ಕರೆದೊಯ್ದೆ. ಎರಡೂ ಕಿವಿಯ ತಮಟೆ ತೂತಾಗಿತ್ತು. ಹಳೆಯದು, ಬಹಳ ಹಿಂದೆಯೇ ತೋರಿಸಬೇಕಿತ್ತು ಎಂದು ಡಾಕ್ಟರು ಬೇಸರದಿಂದ ಹೇಳಿದರು. ಕೆಲವು ವಾರಗಳ ಮೇಲೆ ಕಿವಿಗೆ ಹಾಕುವ ಯಂತ್ರ ಬಂತು. ಅದನ್ನು ಹಾಕಿಕೊಂಡ ದಿನ ಬಸ್ಸಿನಲ್ಲಿ ಆಕೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದಳು. ಇಂಜಿನ್ನಿನ ಸದ್ದು ಅಷ್ಟು ದೊಡ್ಡದು ಎಂದು ಆಕೆಗೆ ಗೊತ್ತಿರಲಿಲ್ಲ.

ಮರುಪರೀಕ್ಷೆಯನ್ನು ಅವರ ಮನೆಯಲ್ಲೇ ಮಾಡಿದೆ. ಮೇಡಂ ಬೇರೊಂದು ಪೆಟ್ಟಿಗೆ ಕಳಿಸಿಕೊಟ್ಟಿದ್ದರು. ಶುರುಮಾಡುವ ಮೊದಲು ಯಾಕೆ ಮತ್ತೆ ಮಾಡುತ್ತಿದ್ದೇನೆ ಎಂದು ಹೇಳಿದೆ. ತಪ್ಪು ನನ್ನದು, ನಿನ್ನದಲ್ಲ ಎಂದೂ ಹೇಳಿದೆ. ಆಕೆ ನನ್ನ ಬಾಯಿಯನ್ನೇ ನೋಡುತ್ತಾ ಕೇಳಿಸಿಕೊಂಡಳು.

"ಈಗ ನಾ ಪಾಸಾದ್ರ ಮೊದಲ ಬರದಿದ್ದು ಸುಳ್ಳಾಗತೈತೇನ್ರಿ?"

"ಹೌದು."

"ಹುಡುಗ್ಯಾರಿಗೆಲ್ಲಾ ಹೇಳ್ತೀರೇನು?"

ನಾನು ಪೆಟ್ಟಿಗೆಯ ಮುಚ್ಚಳ ತೆಗೆದು ಮರದ ತುಂಡುಗಳನ್ನು ಹೊರಗಿಟ್ಟೆ.

ಆಕೆಯ ಬುದ್ಧಿಗೆ ಏನೂ ಕೊರತೆ ಇರಲಿಲ್ಲ. ಮಾತು, ಪದಗಳ ಭಾಗದಲ್ಲಿ ಹಿಂದಿದ್ದಳು, ಅದು ವರ್ಷಗಟ್ಟಲೆ ಕೇಳಿಸದೆ ಹೋದದ್ದರ ಫಲ. ಹೊಸ ವರದಿಯನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟಾಗ ಅವರು ಕನ್ನಡಕ ತೆಗೆದು ಎರಡು ಸಲ ಓದಿದರು. ನಮ್ಮ ಮುಂದೆಯೇ ಇಷ್ಟು ದಿನ ಕೂತಿದ್ದಳಲ್ಲ ಎಂದು ತಮಗೇ ಹೇಳಿಕೊಂಡರು. ಈಗಲೂ ಬರಲಿ, ಮುಂದಿನ ಬೆಂಚಿನಲ್ಲಿ ಕೂರಿಸುತ್ತೇವೆ ಎಂದರು. ಆದರೆ ಶಿಕ್ಷಣ ಇಲಾಖೆಯ ಕಂಪ್ಯೂಟರ್ ದಾಖಲೆಯಲ್ಲಿ ಆಕೆಯ ಹೆಸರಿನ ಮುಂದೆ ಬುದ್ಧಿಮಾಂದ್ಯ ಎಂದು ಆಗಲೇ ಏರಿಸಿಯಾಗಿತ್ತು. ಅದನ್ನು ಬದಲಿಸುವ ಅಧಿಕಾರ ಶಾಲೆಗೆ ಇರಲಿಲ್ಲ. ಆ ಒಂದು ಪದಕ್ಕಾಗಿ ನಾನು ತಾಲ್ಲೂಕಿನ ಶಿಕ್ಷಣ ಕಚೇರಿಗೆ ಎಷ್ಟು ಸಲ ಅಲೆದೆನೋ. ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಸಾಹೇಬರಿಲ್ಲ. ಮಳೆಗಾಲ ಮುಗಿಯುವಾಗ ಅಂತೂ ಬದಲಾಯಿತು ಎಂದು ಗುಮಾಸ್ತರು ಫೋನ್ ಮಾಡಿದರು.

ಅಷ್ಟರಲ್ಲಿ ಹುಡುಗಿ ಚಿಕ್ಕಮ್ಮನ ಊರಾದ ತೆಲಿಗಿಗೆ ಹೋಗಿಯಾಗಿತ್ತು. ಮತ್ತೆ ಶಾಲೆಗೆ ಬರಲಾರೆ ಎಂದಳಂತೆ. ತಾಯಿ ಹೇಳಿದಳು, ಮುಖ್ಯೋಪಾಧ್ಯಾಯರು ಖುದ್ದಾಗಿ ಅಲ್ಲಿಗೇ ಹೋಗಿ ಹೇಳಿದರು, ನಾನೂ ಎರಡು ಸಲ ಹೋಗಿ ಹೇಳಿದೆ. ಎರಡನೆಯ ಸಲ ಹೋದಾಗ ಕಿವಿಯಲ್ಲಿ ಯಂತ್ರವೂ ಇರಲಿಲ್ಲ. ಶಿಳ್ಳೆ ಹಾಕಿದ ಹಾಗೆ ಸದ್ದು ಬರುತ್ತದೆ ಎಂದು ಡಬ್ಬಿಯಲ್ಲಿಟ್ಟಿದ್ದಳು.

ಈಗ ನಾನು ಗುತ್ತಿಗೆಯ ಮೇಲೆ ಕೂಡ್ಲಿಗಿ ಮತ್ತು ಹಡಗಲಿ ಕಡೆಯ ಶಾಲೆಗಳಿಗೆ ಹೋಗುತ್ತೇನೆ. ಕೆಲಸ ಸಿಕ್ಕ ದಿನ ಸಂತೋಷವಾಗಲಿಲ್ಲ. ಪ್ರತಿ ವರದಿಗೆ ಸಹಿ ಹಾಕುವ ಮುಂಚೆ ನಾಲ್ಕಾರು ಸಲ ಓದುತ್ತೇನೆ. ಇದರಿಂದ ನನ್ನ ಕೆಲಸ ನಿಧಾನ ಎಂದು ಮೇಲಿನವರಿಗೆ ಅಸಮಾಧಾನವೂ ಇದೆ.

ಕಳೆದ ವರ್ಷ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಳು. ಅವಳೇ ಗುರುತು ಹಿಡಿದು ಹತ್ತಿರ ಬಂದಳು. ಬ್ಲೌಸ್ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಲೈನಿಂಗ್ ಬಟ್ಟೆ ತರಲು ಪೇಟೆಗೆ ಬಂದಿದ್ದಳು. ತಾಯಿ ಇನ್ನೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ ಎಂದಳು. ಹತ್ತನೆಯ ತರಗತಿಯನ್ನು ಹೊರಗಿನಿಂದಲೇ ಕಟ್ಟಬಹುದು, ಅರ್ಜಿ ನಾನೇ ತುಂಬಿಕೊಡುತ್ತೇನೆ, ಕೂತು ಹೇಳಿಕೊಡುತ್ತೇನೆ ಎಂದು ಎದುರು ನಿಂತು ನಿಧಾನವಾಗಿ ಹೇಳಿದೆ. ಆಕೆ ಪೂರ್ತಿ ಮುಗಿಸಲು ಬಿಟ್ಟಳು.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಮೇಡಂ," ಅಂದಳು. "ಸಾಲಿ ಅಂದ್ರ ಮನಸ ಬರವಲ್ದು."

ತೆಲಿಗಿ ಕಡೆಯ ಬಸ್ಸು ಬಂತು. ಜನ ನುಗ್ಗಿದರು. ಆಕೆ ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡು ಹತ್ತಿದಳು. ಸೀಟು ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಹಡಗಲಿಯ ಬಸ್ಸಿಗೆ ಕಾದು ನಿಂತೆ. ಅಂದು ಅಲ್ಲಿ ಮೂವರು ಮಕ್ಕಳನ್ನು ನೋಡುವುದಿತ್ತು.